ಮೊದಲ ಸಲ ಥಾಯ್, ವಿಯೆಟ್ನಾಂ ಹೋಟೆಲಿಗೆ ಹೋಗುವಾಗ

ಪರದೇಶಕ್ಕೆ ಬಂದ ಹೊಸತರಲ್ಲಿ ನಾವಿಬ್ಬರೂ ಒಂದು ಥಾಯ್ ಹೋಟೆಲಿಗೆ ಹೋಗಿದ್ದೆವು. ನಾನು ಎಲ್ಲಾ ತಿನ್ನುವವನು, ನನ್ನ ಹೆಂಡತಿ ಪಕ್ಕಾ ಸಸ್ಯಾಹಾರಿ. ಅವಳು ಪಪ್ಪಾಯಿಕಾಯಿಯ ಸಲಾಡ್ ಹೇಳಿದಳು. ಕಾಯಿ ತಾನೇ, ಅದರಲ್ಲೇನಿರುತ್ತದೆ ಅಂದುಕೊಂಡೆವು. ಎರಡನೇ ತುತ್ತಿಗೆ ಅವಳ ಚಮಚದಲ್ಲಿ ಕಣ್ಣು ಸಮೇತ ಒಂದು ಒಣ ಸೀಗಡಿ! ಹೋಟೆಲಿನವರ ತಪ್ಪೇನಿಲ್ಲ ಬಿಡಿ. ಸೋಮ್ ತಮ್ ಅನ್ನುವ ಈ ಸಲಾಡ್ ಮಾಡುವುದೇ ಹಾಗೆ. ಬೆಳ್ಳುಳ್ಳಿ, ಮೆಣಸಿನಕಾಯಿ, ಒಣ ಸೀಗಡಿ, ಫಿಶ್ ಸಾಸ್, ನಿಂಬೆರಸ ಎಲ್ಲಾ ಕುಟ್ಟಾಣಿಗೆ ಬೀಳುತ್ತವೆ.

ಹಾಗಾಗಿ ಸುಮ್ನೆ ‘ವೆಜ್ ಇದೆಯಾ’ ಅಂತ ಕೇಳಿದರೆ ಸಾಲದು. ಮಾಂಸದ ತುಂಡು ಇಲ್ಲದಿದ್ದರೆ ವೆಜ್ ಅಂತಲೇ ಎಷ್ಟೋ ಕಡೆ ಲೆಕ್ಕ. ಫಿಶ್ ಸಾಸ್, ಸೀಗಡಿ ಪೇಸ್ಟ್, ಸಿಂಪಿಯಿಂದ ಮಾಡುವ ಆಯ್ಸ್ಟರ್ ಸಾಸ್, ಈ ಮೂರನ್ನೂ ಹೆಸರು ಹಿಡಿದು ಕೇಳಿ. ಜೊತೆಗೆ ಯಾವುದು ಮೊದಲೇ ಅರೆದಿಟ್ಟದ್ದು, ಯಾವುದು ಹೇಳಿದ ಮೇಲೆ ಮಾಡುವುದು ಅಂತಲೂ ಕೇಳಿ. ಥಾಯ್ ಕರಿ ಪೇಸ್ಟಿನಲ್ಲಿ, ಮಲೇಷ್ಯಾದ ಸಂಬಾಲ್ ಅನ್ನುವ ಮೆಣಸಿನಕಾಯಿ ಚಟ್ನಿಯಲ್ಲಿ ಸಾಮಾನ್ಯವಾಗಿ ಸೀಗಡಿ ಪೇಸ್ಟ್ ಸೇರಿಯೇ ಇರುತ್ತದೆ. ಆಮೇಲೆ ತೆಗೆಯೋಕಾಗಲ್ಲ ಅಲ್ವಾ? ಮೆನುವಿನಲ್ಲಿ ಥಾಯ್ ಆದರೆ ‘ಜೇ’, ವಿಯೆಟ್ನಾಂ ಆದರೆ ‘ಚಾಯ್’, ಅಂದರೆ ಸಸ್ಯಾಹಾರ, ಅಂತಿದ್ದರೆ ಧೈರ್ಯವಾಗಿ ಹೇಳಿ. ಜೇ ಅಡುಗೆಗೆ ಈರುಳ್ಳಿ, ಬೆಳ್ಳುಳ್ಳಿಯನ್ನೂ ಹಾಕುವುದಿಲ್ಲ.

ಇನ್ನು ನನ್ನ ಪ್ರೀತಿಯ ಫೋ, ವಿಯೆಟ್ನಾಂನ ನೂಡಲ್ಸ್ ಸೂಪ್. ಬಟ್ಟಲು ಬಂದ ತಕ್ಷಣ ಸಾಸ್ ಬಾಟಲಿಗೆ ಕೈ ಹಾಕಬೇಡಿ. ನಾನು ಮೊದಲ ಸಲ ಹಾಕಿದ್ದೆ, ಇಡೀ ಬಟ್ಟಲು ಬರೀ ಸಿಹಿ ಖಾರದ ಕೆಂಪು ನೀರಾಗಿತ್ತು. ಮೂಳೆಯನ್ನು ಗಂಟೆಗಟ್ಟಲೆ ಕುದಿಸಿ, ಸುಟ್ಟ ಶುಂಠಿ, ಈರುಳ್ಳಿ, ಚಕ್ರಮೊಗ್ಗು, ಚಕ್ಕೆ ಹಾಕಿ ಮಾಡಿದ ರಸ ಅದು. ಮೊದಲು ಎರಡು ಮೂರು ಚಮಚ ಹಾಗೇ ಕುಡಿಯಿರಿ. ಆಮೇಲೆ ಮೊಳಕೆಕಾಳನ್ನು ಬಿಸಿ ಇರುವಾಗಲೇ ಒಳಗೆ ಮುಳುಗಿಸಿ, ತುಳಸಿಯಂಥ ಆ ಎಲೆಗಳನ್ನು ಹರಿದು ಹಾಕಿ, ನಿಂಬೆ ಹಿಂಡಿ. ಸಿಹಿಯ ಹೊಯ್ಸಿನ್, ಖಾರದ ಶ್ರೀರಾಚಾ ಸಾಸ್‌ಗಳನ್ನು ಪಕ್ಕದ ಪುಟ್ಟ ತಟ್ಟೆಗೆ ಹಾಕಿಕೊಂಡು ಮಾಂಸ ಅದ್ದಿಕೊಳ್ಳಿ.

ಟಾಮ್ ಯಮ್ ಅನ್ನುವ ಥಾಯ್ ಹುಳಿಖಾರದ ಸೂಪ್‌ನಲ್ಲಿ ಮಜ್ಜಿಗೆ ಹುಲ್ಲಿನ ಕಡ್ಡಿ, ಶುಂಠಿಯಂಥ ಗಲಂಗಲ್ ಬಿಲ್ಲೆ ತೇಲುತ್ತಿರುತ್ತವೆ. ಅವು ಪರಿಮಳಕ್ಕೆ ಮಾತ್ರ, ಬದಿಗೆ ಸರಿಸಿ. ಉಗಿಯೋಕೆ ನಾಚಿಕೆಯಾಗಿ ಒಂದು ಬಿಲ್ಲೆಯನ್ನು ಐದು ನಿಮಿಷ ಅಗಿದವನು ನಾನು. ಬಡಿಸುವ ಹುಡುಗಿ ನಕ್ಕೇ ನಕ್ಕಳು.

ಚಾಪ್‌ಸ್ಟಿಕ್ ಬರಲ್ಲ ಅಂತ ಹೆದರಬೇಡಿ. ಥಾಯ್ ಜನ ಅನ್ನಕ್ಕೆ ಬಳಸುವುದು ಚಮಚವನ್ನೇ, ಎಡಗೈಯ ಫೋರ್ಕ್ ಅದಕ್ಕೆ ಅನ್ನ ತಳ್ಳೋಕೆ. ಮಲೇಷ್ಯಾದ ನೂಡಲ್ಸ್ ಸೂಪ್ ಲಕ್ಸಾ ಹೇಳುವಾಗ ಯಾವುದು ಅಂತ ಕೇಳಿ. ಕರಿ ಲಕ್ಸಾಗೆ ತೆಂಗಿನ ಹಾಲು, ಪೆನಾಂಗ್‌ನ ಅಸಾಮ್ ಲಕ್ಸಾಗೆ ಮೀನು, ಹುಣಸೆಹುಳಿ.

ನನ್ನವಳು ಸೋಮ್ ತಮ್ ಬಿಟ್ಟಿಲ್ಲ. ಅದನ್ನು ಒಂದೊಂದೇ ತಟ್ಟೆಗೆ ಕುಟ್ಟುವುದರಿಂದ ಒಣ ಸೀಗಡಿ ಬಿಡಿಸಿ, ಫಿಶ್ ಸಾಸ್ ಬದಲು ಸೋಯಾ ಸಾಸ್ ಹಾಕಿಸಿಕೊಳ್ಳುತ್ತಾಳೆ. ‘ಕುಟ್ಟಾಣಿ ತೊಳೆದು’ ಅಂತ ಎರಡು ಸಲ ಹೇಳುತ್ತಾಳೆ.