ಅಮೆರಿಕದಿಂದ ಬಾರದ ಸ್ಕೋಪ್

ಪುಣೆ ಬಳಿಯ ಭೋಸರಿಯಲ್ಲಿ ನನ್ನದೊಂದು ಸಣ್ಣ ಲೇಥ್ ವರ್ಕ್‌ಶಾಪ್ ಇದೆ. ಊರು ಧಾರವಾಡ. ಭಾನುವಾರ ಬೆಳಿಗ್ಗೆ ಏರ್ ರೈಫಲ್ ಹಿಡಿದು ರೇಂಜಿಗೆ ಹೋಗುವುದು ಹಲವು ವರ್ಷಗಳ ರೂಢಿ. ಪುಣೆಯ ಬಾಲೇವಾಡಿ ರೇಂಜಿನಲ್ಲಿ ಅಭ್ಯಾಸ ಮಾಡುವ ಸ್ಪರ್ಧಿಗಳಿಗೆ ಸ್ಕೋಪ್, ಅಂದರೆ ರೈಫಲ್ ಮೇಲೆ ಕೂರಿಸುವ ದೂರದರ್ಶಕ, ಬೇಕಿಲ್ಲ. ಒಲಿಂಪಿಕ್ ರೈಫಲ್ ಸ್ಪರ್ಧೆಗಳಲ್ಲಿ ಅದಕ್ಕೆ ಅವಕಾಶವೇ ಇಲ್ಲ, ಸಣ್ಣ ರಂಧ್ರದ ಡಯಾಪ್ಟರ್ ಸೈಟಿನಲ್ಲಿಯೇ ಗುರಿ ಹಿಡಿಯಬೇಕು. ನಾನು ಮಾತ್ರ ಮೇಜಿನ ಮೇಲೆ ರೈಫಲ್ ಊರಿ 25 ಮೀಟರ್ ದೂರದ ಕಾಗದಕ್ಕೆ ಹೊಡೆಯುವವನು. ಐವತ್ತು ದಾಟಿದ ಕಣ್ಣಿಗೆ ಸ್ಕೋಪ್ ಇಲ್ಲದೆ ಅದು ಆಗದು.

ಅಮೆರಿಕದ ಒಂದು ಅಂಗಡಿಯಲ್ಲಿ ಸ್ಕೋಪನ್ನು ಆನ್‌ಲೈನಾಗಿ ಆರ್ಡರ್ ಮಾಡಿದೆ. ಮೂರನೆಯ ದಿನ ಅದು ರದ್ದಾಯಿತು. ಹಣ ಮರಳಿತು, ಬ್ಯಾಂಕಿನ ಶುಲ್ಕ ಮರಳಲಿಲ್ಲ. ಬಂದೂಕಿನ ಸ್ಕೋಪುಗಳು ಅಲ್ಲಿನ ವಾಣಿಜ್ಯ ಇಲಾಖೆಯ ರಫ್ತು ನಿಯಂತ್ರಣ ಪಟ್ಟಿಯಲ್ಲಿವೆ ಎಂಬುದು ನನಗೆ ಆಗ ತಿಳಿಯಿತು. 2020ರ ಮಾರ್ಚ್‌ನಿಂದ ಅವುಗಳ ವರ್ಗಸಂಖ್ಯೆ 0ಎ504. ಇನ್ನೊಂದು ಸಂಗತಿ ನನ್ನ ಲೆಕ್ಕವನ್ನೇ ತಲೆಕೆಳಗು ಮಾಡಿತು: ಸ್ಕೋಪ್ ಚೀನಾದಲ್ಲಿ ತಯಾರಾಗಿದ್ದರೂ ಅಮೆರಿಕದ ನೆಲದಿಂದ ಹೊರಡುವಾಗ ಅಲ್ಲಿನ ನಿಯಮವೇ ಅನ್ವಯ.

ಅಡ್ಡದಾರಿ ತೋರಿಸುವವರಿಗೆ ಬರವಿರಲಿಲ್ಲ. ಪೊಟ್ಟಣದ ಮೇಲೆ ಕ್ಯಾಮೆರಾ ಲೆನ್ಸ್ ಎಂದು ಬರೆಸು ಎಂದ ಒಬ್ಬ ಗೆಳೆಯ. ನ್ಯೂಜೆರ್ಸಿಯಲ್ಲಿರುವ ಅಣ್ಣನ ಮಗ, "ಕಾಕಾ, ದೀಪಾವಳಿಗೆ ಬರುವಾಗ ಬಟ್ಟೆಗಳ ನಡುವೆ ಇಟ್ಟು ತರುತ್ತೇನೆ" ಎಂದ. ಪ್ರೀತಿಯಿಂದಲೇ ಹೇಳಿದ ಮಾತು. ಆದರೆ ಪೆಟ್ಟಿಗೆಯಲ್ಲಿಟ್ಟು ವಿಮಾನ ಹತ್ತಿದರೂ ಕಾನೂನಿನ ಪ್ರಕಾರ ಅದು ರಫ್ತೇ. ಕೆಲಸದ ವೀಸಾದ ಮೇಲಿರುವ ಹುಡುಗ ನನ್ನ ಹವ್ಯಾಸಕ್ಕಾಗಿ ಅಂಥ ಅಪಾಯ ಹೊರುವುದೇ? ಖಡಾಖಂಡಿತವಾಗಿ ಬೇಡ ಎಂದೆ. ಸುಳ್ಳು ವಿವರ ಬರೆಸುವುದಂತೂ ನಮ್ಮ ದೇಶದಲ್ಲಿಯೂ ಅಪರಾಧ. 1962ರ ಕಸ್ಟಮ್ಸ್ ಕಾಯ್ದೆಯಡಿ ಸರಕು ಜಪ್ತಿಯಾಗುತ್ತದೆ, ದಂಡವೂ ಬೀಳುತ್ತದೆ.

ಆಮೇಲೆ ಪುಣೆಯಲ್ಲಿಯೇ ಹುಡುಕತೊಡಗಿದೆ. ಸುಂಕ ಕಟ್ಟಿ ತರಿಸಿ ಮಾರುವ ಒಬ್ಬ ವ್ಯಾಪಾರಿ ಸಿಕ್ಕರು. ಅವರನ್ನು ನಾನು ಮೊದಲು ಕೇಳಿದ್ದು ಬೆಲೆಯನ್ನಲ್ಲ, ಬಿಲ್ ಆಫ್ ಎಂಟ್ರಿಯನ್ನು, ಅಂದರೆ ಆಮದಾದ ಸರಕಿನ ಬಗ್ಗೆ ಕಸ್ಟಮ್ಸ್‌ಗೆ ಸಲ್ಲಿಸಿದ ಕಾಗದವನ್ನು. ಆಯುಧಕ್ಕೆ ಜೋಡಿಸುವ ದೂರದರ್ಶಕಕ್ಕೆ ಸುಂಕಪಟ್ಟಿಯಲ್ಲಿ 9013 ಶೀರ್ಷಿಕೆಯಡಿ ಬೇರೆಯೇ ಸ್ಥಾನವಿದೆ. ಅವರ ಕಾಗದದಲ್ಲಿ ಅದೇ ಸಂಖ್ಯೆ, ಅದೇ ವಿವರ ಇತ್ತು. ಅಮೆರಿಕದ ಬೆಲೆಗಿಂತ ಹೆಚ್ಚು ಕೊಟ್ಟೆ, ಆದರೆ ನನ್ನ ಹೆಸರಿನಲ್ಲಿ ರಸೀದಿ ಇದೆ.

ಆರಿಸುವಾಗ ನಿಜವಾಗಿ ತಲೆ ಓಡಿಸಬೇಕಾದದ್ದು ಬ್ರ್ಯಾಂಡಿನ ವಿಷಯದಲ್ಲಲ್ಲ, ಪ್ಯಾರಲ್ಯಾಕ್ಸ್, ಅಂದರೆ ಕಣ್ಣು ಸರಿದಾಗ ಗುರಿಯೂ ಸರಿದಂತೆ ಕಾಣುವ ದೋಷದ ವಿಷಯದಲ್ಲಿ. ಸಾಮಾನ್ಯ ರೈಫಲ್ ಸ್ಕೋಪುಗಳನ್ನು 100 ಗಜಕ್ಕೆ ಹೊಂದಿಸಿರುತ್ತಾರೆ. ಅಂಥದ್ದರಲ್ಲಿ 25 ಮೀಟರ್ ಗುರಿ ನೋಡಿದರೆ ಚಿತ್ರ ಮಸುಕು, ಕಣ್ಣು ಸ್ವಲ್ಪ ಸರಿದರೂ ಗುರಿಯ ಮೇಲಿನ ಗೆರೆ ಜಾರುತ್ತದೆ. ನಾನು ಮೊದಲು ಆರ್ಡರ್ ಮಾಡಿದ್ದೂ ಅದೇ ಬಗೆಯದು! 10 ಗಜದಷ್ಟು ಹತ್ತಿರಕ್ಕೂ ಹೊಂದಿಸಬಲ್ಲದ್ದನ್ನೇ ಈಗ ಕೊಂಡೆ. ಎರಡನೆಯದು ಗಟ್ಟಿತನ. ನನ್ನ ರೈಫಲ್ ಸ್ಪ್ರಿಂಗಿನದು. ಅದು ಮೊದಲು ಹಿಂದಕ್ಕೆ ಒದ್ದು, ಪಿಸ್ಟನ್ ಬಡಿದಾಗ ಮುಂದಕ್ಕೂ ಎಗರುತ್ತದೆ. ದೊಡ್ಡ ಬಂದೂಕಿನ ಒದೆತ ತಾಳುವ ಸ್ಕೋಪ್ ಕೂಡ ಈ ಎರಡು ಕಡೆಯ ಪೆಟ್ಟಿಗೆ ಕೆಡಬಹುದು. ಸ್ಪ್ರಿಂಗ್ ಏರ್ ರೈಫಲ್‌ಗೆ ಆಗುತ್ತದೆ ಎಂದು ತಯಾರಕರೇ ಬರೆದಿರಬೇಕು. ಸ್ಕೋಪನ್ನು ರೈಫಲ್‌ಗೆ ಬಿಗಿಯುವ ಮೌಂಟ್ ಹಿಂದೆ ಸರಿಯದಂತೆ ಒಂದು ತಡೆಯನ್ನು ನಾನೇ ಲೇಥಿನಲ್ಲಿ ಕಡೆದುಕೊಂಡೆ.

ಜೋಡಿಸಿದ ಭಾನುವಾರ ಮೊದಲ ಐದು ಪೆಲೆಟ್‌ಗಳು ಎಡಕ್ಕೆ, ಸುಮಾರು ಎರಡು ಸೆಂಟಿಮೀಟರ್ ಆಚೆ ಗುಂಪಾಗಿ ಬಿದ್ದವು. ಸ್ಕೋಪಿನ ತಿರುಗುಗುಂಡಿಯ ಒಂದು ಕ್ಲಿಕ್ ಎಂದರೆ ಕೋನದ ಕಾಲು ಮಿನಿಟು (ಮಿನಿಟೆಂದರೆ ಒಂದು ಡಿಗ್ರಿಯ ಅರವತ್ತನೇ ಒಂದು ಭಾಗ), 25 ಮೀಟರಿನಲ್ಲಿ ಸುಮಾರು 1.8 ಮಿಲಿಮೀಟರ್. ಬಲಕ್ಕೆ ಹನ್ನೊಂದು ಕ್ಲಿಕ್ ತಿರುಗಿಸಿದೆ. ಮುಂದಿನ ಐದರಲ್ಲಿ ನಾಲ್ಕು ಕಪ್ಪು ವೃತ್ತದ ನಡುವೆ ಒಂದೇ ತೂತಾದವು. ಆ ಕಾಗದವನ್ನು ಅಣ್ಣನ ಮಗನಿಗೆ ಫೋಟೊ ತೆಗೆದು ಕಳಿಸಿದೆ.