ಮಜಾ ಸಿಕ್ಕ ಕಡೆಗೆ ಇಡೀ ಗೇಮನ್ನ ತಿರುಗಿಸಿದ್ದು: ನನ್ನ ಇಂಡಿ ಗೇಮ್ ಅನುಭವ

ಇಂಡಿ ಗೇಮ್ (ಒಬ್ಬರೋ ಸಣ್ಣ ಟೀಮೋ ಸ್ವತಂತ್ರವಾಗಿ ಮಾಡೋ ಗೇಮ್) ಜಾಸ್ತಿ ಮಜಾನಾ, ದೊಡ್ಡ ಬಜೆಟ್ ಗೇಮ್ ಜಾಸ್ತಿ ಮಜಾನಾ ಅಂತ ಮಾತು ಬಂದಾಗೆಲ್ಲ ಗ್ರಾಫಿಕ್ಸ್ ಹೆಂಗಿದೆ, ಕಥೆ ಹೆಂಗಿದೆ, ಎಷ್ಟು ಗಂಟೆ ಆಡ್ಬಹುದು ಅನ್ನೋದ್ರ ಮೇಲೇ ಚರ್ಚೆ ನಡೆಯುತ್ತೆ. ನಾನು ಎರಡೂ ಕಡೆ ಕೆಲಸ ಮಾಡಿದೀನಿ. ಮೊದ್ಲು ಒಂದು ದೊಡ್ಡ ಪ್ರಾಜೆಕ್ಟಲ್ಲಿ ಲೆವೆಲ್ ಡಿಸೈನ್ (ಆಡೋ ಜಾಗಗಳನ್ನ ರೂಪಿಸೋ) ಟೀಮಲ್ಲಿದ್ದೆ, ಆಮೇಲೆ ಅದನ್ನ ಬಿಟ್ಟು ಒಬ್ಬಳೇ ಕೂತು ಒಂದು ಪುಟ್ಟ ಪ್ಲಾಟ್‌ಫಾರ್ಮರ್ (ಒಂದು ಕಟ್ಟೆಯಿಂದ ಇನ್ನೊಂದಕ್ಕೆ ಹಾರ್ತಾ ಹೋಗೋ ಗೇಮ್) ಮಾಡಿ ಮುಗಿಸಿದೆ. ಆಡೋಕೆ ಇಂಡಿನೇ ಜಾಸ್ತಿ ಮಜಾ ಅಂತ ನಾನು ಧೈರ್ಯವಾಗಿ ಹೇಳ್ತೀನಿ. ಗೇಮ್ ಮಾಡ್ತಾ ಮಾಡ್ತಾ ಎಲ್ಲೋ ಅಂದ್ಕೊಳ್ಳದೇ ಇರೋ ಜಾಗದಲ್ಲಿ ಮಜಾ ಸಿಕ್ಕಿಬಿಡುತ್ತೆ, ಆಗ ಉಳಿದಿದ್ದನ್ನೆಲ್ಲ ತೆಗೆದು ಬಿಸಾಕಿ ಇಡೀ ಗೇಮನ್ನ ಆ ಕಡೆಗೆ ತಿರುಗಿಸೋ ಸ್ವಾತಂತ್ರ್ಯ ಸಣ್ಣ ಟೀಮ್‌ಗಿರುತ್ತೆ, ದೊಡ್ಡ ಟೀಮ್‌ಗೆ ಇರಲ್ಲ. ನನ್ನ ಪ್ರಕಾರ ವ್ಯತ್ಯಾಸ ಹುಟ್ಟೋದೇ ಅಲ್ಲಿ.

ದೊಡ್ಡ ಪ್ರಾಜೆಕ್ಟಲ್ಲಿ ಹೆಂಗಿರುತ್ತೆ ಅಂದ್ರೆ, ನನ್ನ ಪಾಲಿಗೆ ಬಂದಿದ್ದು ಒಂದು ಉದ್ದ ಗಲ್ಲಿ. ಆ ಗಲ್ಲಿ ಕೊನೇಲಿ ಒಂದು ಬಾಗಿಲು. ಆಡ್ಸಿ ನೋಡಿದಾಗ ಎಲ್ಲರೂ ಆ ಗಲ್ಲೀಲಿ ಬೇಜಾರಾಗಿ ಓಡ್ಕೊಂಡ್ ಹೋಗಿಬಿಡ್ತಿದ್ರು, ಬಾಗಿಲನ್ನ ಮುಂದಕ್ಕೆ ತಂದು ಗಲ್ಲೀನ ಅರ್ಧ ಮಾಡಿದ್ರೆ ಸರಿ ಹೋಗುತ್ತೆ ಅಂತ ನಂಗೂ ಗೊತ್ತಿತ್ತು ನನ್ನ ಲೀಡ್‌ಗೂ ಗೊತ್ತಿತ್ತು, ಆದ್ರೆ ನಡೀತಾ ನಡೀತಾ ಎರಡು ಪಾತ್ರಗಳು ಆಡೋ ಮಾತು ಆಗ್ಲೇ ರೆಕಾರ್ಡ್ ಆಗಿತ್ತು, ಆ ಮಾತು ಮುಗಿಯೋಕೆ ಅಷ್ಟು ಉದ್ದ ಬೇಕು, ಬಾಗಿಲಾಚೆ ಬರೋ ಸೀನಿಗೆ ಮೋಷನ್ ಕ್ಯಾಪ್ಚರೂ (ನಟರ ಚಲನೆ ರೆಕಾರ್ಡ್ ಮಾಡೋದು) ಮುಗಿದಿತ್ತು. ಒಂದು ಬಾಗಿಲು ಸರಿಸ್ಬೇಕಂದ್ರೆ ನಾಲ್ಕು ಡಿಪಾರ್ಟ್‌ಮೆಂಟ್ ಕೆಲಸ ಮತ್ತೆ ಶುರುವಾಗ್ಬೇಕು. ಹಂಗಾಗಿ ಬಾಗಿಲು ಇದ್ದಲ್ಲೇ ಉಳೀತು. ಅಲ್ಲಿದ್ದೋರೆಲ್ಲ ಅಪಾರ ಪ್ರತಿಭೆ ಇರೋರು, ಅದ್ರಲ್ಲಿ ಎರಡು ಮಾತಿಲ್ಲ. 2023ರಲ್ಲಿ ಅಮೆರಿಕದ ಒಂದು ಕೋರ್ಟ್ ಕೇಸಿನ ದಾಖಲೆಗಳಿಂದ ದಿ ಲಾಸ್ಟ್ ಆಫ್ ಅಸ್ ಪಾರ್ಟ್ 2 ಮತ್ತೆ ಹೊರೈಝನ್ ಫಾರ್ಬಿಡನ್ ವೆಸ್ಟ್ ಅನ್ನೋ ದೊಡ್ಡ ಗೇಮ್‌ಗಳು ಎರಡಕ್ಕೂ ತಲಾ 20 ಕೋಟಿ ಡಾಲರ್‌ಗಿಂತ ಜಾಸ್ತಿ ಖರ್ಚಾಗಿದೆ ಅಂತ ಹೊರಗೆ ಬಂತು. ಅಷ್ಟು ದುಡ್ಡು, ಅಷ್ಟು ಜನ, ಅಷ್ಟು ವರ್ಷ ಹಾಕಿದ್ಮೇಲೆ ಅರ್ಧ ದಾರೀಲಿ ಯಾರೂ "ಇದು ಬೇಡ, ಬೇರೆ ಮಾಡೋಣ" ಅನ್ನೋಕಾಗಲ್ಲ. ಎಲ್ಲರಿಗೂ ಗೊತ್ತಿರೋ ದಾರೀಲೇ ಹೋಗ್ಬೇಕಾಗುತ್ತೆ, ಮ್ಯಾಪ್ ತುಂಬಾ ಐಕಾನು, ಲೆವೆಲ್ ಅಪ್, ಮೂರು ಬಣ್ಣದ ಲೂಟು (ಆಡ್ತಾ ಎತ್ಕೊಳ್ಳೋ ಸಾಮಾನು).

ನನ್ನ ಗೇಮ್‌ಗೆ ಗೋಡೋ ಅನ್ನೋ ಎಂಜಿನ್ (ಗೇಮ್ ಕಟ್ಟೋ ಸಾಫ್ಟ್‌ವೇರ್) ತಗೊಂಡೆ, ಫ್ರೀ, ಓಪನ್ ಸೋರ್ಸ್, ಸಣ್ಣ 2ಡಿ ಗೇಮ್‌ಗೆ ಹೇಳಿ ಮಾಡಿಸಿದಂಗಿದೆ. ಚಿತ್ರ, ಸೌಂಡು ಯಾವುದಕ್ಕೂ ಕೈ ಹಾಕ್ಲಿಲ್ಲ. ಒಂದು ಬಿಳಿ ಚೌಕ ಅದೇ ಹೀರೋ, ಬೂದು ಚೌಕಗಳೆಲ್ಲ ನೆಲ. ಮೊದಲ ಕೆಲಸ ಜಂಪ್. ಹೊರಗಿಂದ ನೋಡೋರಿಗೆ ಜಂಪಲ್ಲೇನಿದೆ ಅನ್ಸುತ್ತೆ, ಆದ್ರೆ ಪ್ಲಾಟ್‌ಫಾರ್ಮರ್ ಆಡೋರು ಅದೊಂದು ಬಟನ್ನ ಸಾವಿರಾರು ಸಲ ಒತ್ತುತಾರೆ, ಅದು ಕೈಗೆ ಕೂರ್ಲಿಲ್ಲ ಅಂದ್ರೆ ಮುಂದೆ ಏನ್ ಮಾಡಿದ್ರೂ ನೀರಲ್ಲಿ ಹೋಮ. ಫಿಸಿಕ್ಸ್ ಪುಸ್ತಕದಲ್ಲಿರೋ ಥರ ಒಂದೇ ಗ್ರಾವಿಟಿ ಇಟ್ರೆ ಕ್ಯಾರೆಕ್ಟರ್ ಬಲೂನ್ ಥರ ತೇಲುತ್ತೆ, ಅದಕ್ಕೆ ಮೇಲೆ ಹೋಗುವಾಗ ಒಂದು ಗ್ರಾವಿಟಿ, ಕೆಳಗೆ ಬರುವಾಗ ಅದಕ್ಕಿಂತ ಜಾಸ್ತಿ ಇನ್ನೊಂದು. ಬಟನ್ ಬೇಗ ಬಿಟ್ರೆ ಮೇಲಿನ ವೇಗ ಕತ್ತರಿಸಿ ಗಿಡ್ಡ ಜಂಪ್ ಮಾಡೋದು. ಒತ್ತಿ ಹಿಡಿದಿದ್ರೆ ತುದೀಲಿ ಒಂದು ಕ್ಷಣ ಗ್ರಾವಿಟಿ ಅರ್ಧಕ್ಕೆ ಇಳಿಸೋದು, ಆಗ ಗಾಳೀಲಿ ನಿಂತು ಎಲ್ಲಿ ಇಳೀಬೇಕು ಅಂತ ನೋಡ್ಕೊಳ್ಳೋಕೆ ಟೈಮ್ ಸಿಗುತ್ತೆ.

ಆಮೇಲೆ ಕ್ಷಮಿಸೋ ಕೆಲಸ. ಅಂಚಿಂದ ಕಾಲು ಜಾರಿದ್ಮೇಲೂ ಒಂದು ಚೂರು ಹೊತ್ತು ಜಂಪ್ ಮಾಡೋಕೆ ಬಿಡೋದನ್ನ ಕಯೋಟಿ ಟೈಮ್ ಅಂತಾರೆ. 2018ರಲ್ಲಿ ಬಂದ ಸೆಲೆಸ್ಟ್ ಗೇಮ್ ಮಾಡಿದೋರು ಅವರ ಪ್ಲೇಯರ್ ಕೋಡನ್ನ ಎಲ್ಲರಿಗೂ ನೋಡೋಕೆ ಇಟ್ಟಿದಾರೆ, ಅದ್ರಲ್ಲಿ ಈ ಟೈಮ್ 0.1 ಸೆಕೆಂಡ್, ಅಂದ್ರೆ ಸೆಕೆಂಡಿಗೆ 60 ಫ್ರೇಮ್ (ಪರದೆ ಮೇಲೆ ಬರೋ ಒಂದೊಂದು ಚಿತ್ರ) ಓಡೋ ಗೇಮಲ್ಲಿ 6 ಫ್ರೇಮ್. ನಾನೂ ಅಲ್ಲಿಂದಲೇ ಶುರು ಮಾಡಿದೆ. ನೆಲ ಮುಟ್ಟೋಕೆ ಮುಂಚೆನೇ ಬಟನ್ ಒತ್ತಿದ್ರೆ ಅದನ್ನ ನೆನಪಿಟ್ಕೊಂಡು ನೆಲ ಮುಟ್ಟಿದ ತಕ್ಷಣ ಜಂಪ್ ಮಾಡ್ಸೋದು, ತಲೆ ಬ್ಲಾಕಿನ ಮೂಲೆಗೆ ಸ್ವಲ್ಪ ತಾಗಿದ್ರೆ ಪಕ್ಕಕ್ಕೆ ಎರಡು ಪಿಕ್ಸೆಲ್ ಸರಿಸಿ ಮೇಲೆ ಬಿಡೋದು. ಇದ್ಯಾವುದೂ ಆಡೋರ ಕಣ್ಣಿಗೆ ಬೀಳಲ್ಲ, ಅವರಿಗೆ "ನಾನು ಚೆನ್ನಾಗಿ ಆಡ್ತಿದೀನಿ" ಅನ್ನೋದಷ್ಟೇ ಗೊತ್ತಾಗುತ್ತೆ. ಸೆಲೆಸ್ಟ್ ಶುರುವಾಗಿದ್ದು 4 ದಿನದಲ್ಲಿ ಮಾಡಿದ ಒಂದು ಪುಟಾಣಿ ಗೇಮಾಗಿ, ಜಂಪ್ ಮತ್ತೆ ಡ್ಯಾಶ್ (ಸರ್ರನೆ ಮುಂದಕ್ಕೆ ನುಗ್ಗೋದು) ಇಷ್ಟೇ ಅದ್ರ ಬಂಡವಾಳ. ಅದರ ಮೇಲೆ ಬೆಟ್ಟ ಹತ್ತೋ ಇಡೀ ಗೇಮ್ ಕಟ್ಟಿದ್ರು.

ಜಂಪ್ ಕೈಗೆ ಕೂತ್ಮೇಲೆ ಎಲ್ಲರೂ ಮಾಡೋ ಹಂಗೆ ನಾನೂ ಕತ್ತಿ, ಶತ್ರುಗಳು, ಕಾಯಿನ್ನು, ಬೀಳೋ ಬ್ಲಾಕು ಎಲ್ಲ ಹಾಕಿ ಗೆಳೆಯನೊಬ್ಬನ ಕೈಗೆ ಕೊಟ್ಟು ಹಿಂದೆ ಕೂತೆ. ಪಕ್ಕದಲ್ಲಿ ಕೂತು "ಅಲ್ಲಿಗೆ ಹೋಗು, ಇದನ್ನ ಒತ್ತು" ಅನ್ನೋದು ಮಾಡ್ಲೇಬಾರ್ದು, ಬಾಯಿ ಮುಚ್ಕೊಂಡು ಕೈ ನೋಡ್ಬೇಕು, ಮುಖ ನೋಡ್ಬೇಕು. ಅವನು ಶತ್ರುಗಳನ್ನ ಮುಗಿಸಿ ಮುಂದೆ ಹೋದ, ಮುಖದಲ್ಲಿ ಏನೂ ಇಲ್ಲ. ಬೀಳೋ ಬ್ಲಾಕ್ ಹತ್ರ ಬಂದ ನೋಡಿ, ಅಲ್ಲೇ ನಿಂತ. ಬ್ಲಾಕ್ ಮೇಲೆ ಹತ್ತೋದು, ಅದು ನಡುಗಿ ಕೆಳಗೆ ಬೀಳೋಕೆ ಶುರುವಾದ್ಮೇಲೂ ಅದ್ರ ಮೇಲೇ ನಿಂತ್ಕೊಂಡು ಇಳಿಯೋದು, ಇನ್ನೇನು ಸತ್ತ ಅನ್ನುವಾಗ ಹಾರೋದು. ಸಾಯ್ತಾನೆ, ನಗ್ತಾನೆ, ಮತ್ತೆ ಬರ್ತಾನೆ. ನಾನು ಇಟ್ಟಿದ್ದ ಗುರಿ ಅವನಿಗೆ ಬೇಕಾಗೇ ಇಲ್ಲ.

ಯಾಕೆ ಹಿಂಗೆ ಅಂತ ಕೋಡ್ ತೆಗ್ದು ನೋಡಿದ್ರೆ ಕಾರಣ ಸಿಕ್ತು. ಗೋಡೋದಲ್ಲಿ ಚಲಿಸ್ತಿರೋ ಪ್ಲಾಟ್‌ಫಾರ್ಮಿಂದ ಹಾರಿದ್ರೆ ಅದರ ವೇಗ ಕ್ಯಾರೆಕ್ಟರ್‌ಗೂ ಸೇರ್ಕೊಳ್ಳುತ್ತೆ, ಅದು ಮೊದಲಿಂದಲೇ ಇರೋ ಸೆಟ್ಟಿಂಗು. ಬ್ಲಾಕ್ ಕೆಳಗೆ ಹೋಗ್ತಿದ್ರೆ ಆ ಕೆಳಗಿನ ವೇಗ ಜಂಪ್‌ನ ತಿನ್ನುತ್ತೆ, ಅಂದ್ರೆ ಲೇಟ್ ಆದಷ್ಟೂ ಜಂಪ್ ಗಿಡ್ಡ. ಇನ್ನೊಂದು ಚೂರು ಇರೋಣ ಅನ್ನೋ ಆಸೆ, ಹಾರೋಕೆ ಆಗುತ್ತೋ ಇಲ್ಲವೋ ಅನ್ನೋ ಭಯ, ಎರಡೂ ಒಂದೇ ಬ್ಲಾಕಲ್ಲಿ! ಕತ್ತಿ ತೆಗ್ದೆ. ಶತ್ರುಗಳನ್ನೆಲ್ಲ ತೆಗ್ದೆ. ಬರೆದಿಟ್ಟಿದ್ದ ಕಥೆನೂ ತೆಗ್ದೆ. ಗೇಮ್ ಪೂರ್ತಿ ಬೀಳೋ ಬ್ಲಾಕ್‌ಗಳ ಮೇಲೇ ನಿಂತ್ಕೊಳ್ತು, ಕೆಳಗೆ ಹೋದಷ್ಟೂ ಬೆಲೆಬಾಳೋ ಕಲ್ಲುಗಳನ್ನಿಟ್ಟೆ, ಹಾರಿ ಸರಿಯಾಗಿ ಇಳಿದಾಗ ಮೂರು ಫ್ರೇಮ್ ಇಡೀ ಗೇಮ್ ನಿಲ್ಲೋ ಹಂಗೆ ಮಾಡಿದೆ, ಆ ಪುಟ್ಟ ನಿಲುಗಡೆ ಇದೆಯಲ್ಲ ಅದು ಬೆರಳಿಗೆ ಕೊಡೋ ಖುಷಿ ದೊಡ್ಡ ಸ್ಫೋಟದ ಚಿತ್ರಾನೂ ಕೊಡಲ್ಲ. ಯಾರನ್ನೂ ಕೇಳ್ಬೇಕಾಗಿರ್ಲಿಲ್ಲ. ಮೀಟಿಂಗ್ ಇಲ್ಲ, ಮತ್ತೆ ರೆಕಾರ್ಡ್ ಮಾಡೋ ಮಾತು ಇಲ್ಲ. ಆ ಗಲ್ಲಿ ಕೆಲಸದಲ್ಲಿ ಇದು ಕನಸಲ್ಲೂ ಆಗ್ತಿರ್ಲಿಲ್ಲ.

ನಾನು ತುಂಬಾ ಇಷ್ಟಪಡೋ ಇಂಡಿ ಗೇಮ್‌ಗಳಲ್ಲೆಲ್ಲ ಈ ಧೈರ್ಯ ಕಾಣುತ್ತೆ. 2015ರ ಡೌನ್‌ವೆಲ್ ತಗೊಳ್ಳಿ, ಬಾವಿ ಒಳಗೆ ಬೀಳೋದೇ ಗೇಮು, ಎಡ, ಬಲ ಮತ್ತೆ ಒಂದು ಬಟನ್, ನೆಲದ ಮೇಲೆ ಒತ್ತಿದ್ರೆ ಜಂಪ್, ಗಾಳೀಲಿ ಒತ್ತಿದ್ರೆ ಬೂಟಿಂದ ಕೆಳಗೆ ಗುಂಡು, ಆ ಗುಂಡಿನ ಹೊಡೆತಕ್ಕೆ ಬೀಳೋ ವೇಗನೂ ಕಮ್ಮಿ ಆಗುತ್ತೆ. ಒಂದು ಬಟನ್ನಿಗೆ ಮೂರು ಕೆಲಸ. 2018ರ ಇಂಟು ದ ಬ್ರೀಚ್ ಇನ್ನೂ ಹಠದ ಗೇಮು, 8x8 ಮನೆಗಳ ಪುಟ್ಟ ಹಾಸು, ಶತ್ರು ಮುಂದಿನ ಸರದೀಲಿ ಎಲ್ಲಿ ಹೊಡೀತಾನೆ ಅಂತ ಮೊದ್ಲೇ ತೋರಿಸಿಬಿಡ್ತಾರೆ. ಎಲ್ಲ ಗೊತ್ತಿದ್ದೂ ಇಪ್ಪತ್ತು ನಿಮಿಷ ತಲೆ ಕೆರ್ಕೊಂಡು ಕೂರೋ ಮಜಾ ಅಲ್ಲಿದೆ. ಸ್ಟಾರ್‌ಡ್ಯೂ ವ್ಯಾಲಿ ಎರಿಕ್ ಬರೋನ್ ಅನ್ನೋರು ಒಬ್ಬರೇ ನಾಲ್ಕು ವರ್ಷಕ್ಕೂ ಮೇಲೆ ಕೂತು ಮಾಡಿದ್ದು, ಚಿತ್ರ, ಸಂಗೀತ, ಕೋಡ್ ಎಲ್ಲಾನೂ, 2016ರಲ್ಲಿ ಬಂತು. ಅದನ್ನ ಆಡುವಾಗ ಒಬ್ಬ ಮನುಷ್ಯನ ಅಭಿರುಚಿ ಪ್ರತಿ ಮೂಲೇಲೂ ಸಿಗುತ್ತೆ.

ದೊಡ್ಡ ಗೇಮಲ್ಲಿ ಮಜಾ ಇಲ್ವೇ ಇಲ್ಲ ಅಂತ ನಾನು ಒಪ್ಪಲ್ಲ. ರೆಡ್ ಡೆಡ್ ರಿಡೆಂಪ್ಶನ್ 2ರಲ್ಲಿ ಕುದುರೆ ಮೇಲೆ ಸುಮ್ನೆ ಹೋಗ್ತಾ ಇದ್ರೆ ಒಂದು ಪೂರ್ತಿ ಲೋಕದೊಳಗೆ ಇರೋ ಅನುಭವ ಸಿಗುತ್ತೆ, ಅದು ಒಬ್ಬಿಬ್ಬರ ಕೈಲಿ ಆಗೋ ಕೆಲಸ ಅಲ್ಲ. ಆದ್ರೆ ಅದನ್ನ ನಾನು ಮಜಾ ಅನ್ನಲ್ಲ, ಬೆರಗು ಅಂತೀನಿ. ಬೆರಗು, ಮಜಾ ಎರಡೂ ಕೊಟ್ಟ ದೊಡ್ಡ ಗೇಮ್ ಅಂದ್ರೆ ನಂಗೆ 2017ರ ಜೆಲ್ಡಾ, ಬ್ರೆತ್ ಆಫ್ ದ ವೈಲ್ಡ್. ಅದನ್ನ ಮಾಡೋಕೆ ಮುಂಚೆ ಆ ಟೀಮು ಹಳೇ ಮೊದಲ ಜೆಲ್ಡಾ ಥರ ಕಾಣೋ ಒಂದು 2ಡಿ ಪ್ರೋಟೋಟೈಪ್ (ಪರೀಕ್ಷೆಗೆ ಅಂತ ಮಾಡೋ ಕಚ್ಚಾ ಗೇಮ್) ಮಾಡಿ, ಬೆಂಕಿ ಹಚ್ಚಿದ್ರೆ ಮರ ಉರಿಯೋದು, ಕಡಿದ ಮರ ನೀರಲ್ಲಿ ತೇಲೋದು ಇದೆಲ್ಲ ಆಡೋಕೆ ಚೆನ್ನಾಗಿದೆಯಾ ಅಂತ ಅದ್ರಲ್ಲೇ ಪರೀಕ್ಷೆ ಮಾಡಿತ್ತು. ದೊಡ್ಡ ಕಂಪನಿ, ಆದ್ರೆ ಶುರು ಮಾಡಿದ ರೀತಿ ಒಬ್ಬಂಟಿ ಡೆವಲಪರ್ ಮಾಡೋ ಥರಾನೇ. ಇನ್ನೊಂದು ಕಡೆ ನೋಡಿದ್ರೆ, ಇಂಡಿ ಅನ್ನೋ ಹೆಸರಿಟ್ಕೊಂಡು ಹಿಟ್ ಆದ ಗೇಮ್ನೇ ಬಣ್ಣ ಬದ್ಲಾಯ್ಸಿ ಮಾಡಿರೋದೂ ರಾಶಿ ಇದೆ, ಅವು ನಂಗೆ ಹತ್ತು ನಿಮಿಷನೂ ಹಿಡಿಸಲ್ಲ.

ಮಾಡೋಕೆ ಹೊರಟಿರೋರಿಗೆ ನನ್ನದೊಂದೇ ಕೋರಿಕೆ, ಕಷ್ಟ ಎಷ್ಟಿರ್ಬೇಕು ಅನ್ನೋದನ್ನೂ ಆಡೋರ ಕೈಗೇ ಬಿಡಿ. ಸೆಲೆಸ್ಟಲ್ಲಿ ಅಸಿಸ್ಟ್ ಮೋಡ್ ಇದೆ, ಗೇಮ್ ವೇಗಾನ ಅರ್ಧದವರೆಗೂ ಇಳಿಸ್ಬಹುದು, ಸಾವೇ ಇಲ್ಲದಂಗೂ ಮಾಡ್ಕೋಬಹುದು. ಅದನ್ನ ನೋಡಿ ನಾನೂ ಒಂದು ಸ್ಪೀಡ್ ಸ್ಲೈಡರ್ ಇಟ್ಟೆ, ಮೆನೂಲಿ ಎಲ್ಲೋ ಬಚ್ಚಿಡದೆ ಮೊದಲ ಪುಟದಲ್ಲೇ. ಬೆರಳು ನೋವಿರೋ ಒಬ್ಬರು ಕಮ್ಮಿ ಸ್ಪೀಡಲ್ಲಿ ಗೇಮ್ ಮುಗಿಸಿ, ಆಮೇಲೆ ಅದೇ ಲೆವೆಲ್‌ಗಳನ್ನ ಒಂದೊಂದಾಗಿ ಸ್ಪೀಡ್ ಏರಿಸ್ತಾ ಮತ್ತೆ ಆಡಿದ್ರು. ಬೀಳೋ ಬ್ಲಾಕ್ ನಿಧಾನಕ್ಕೆ ಬಿದ್ರೂ ಆ ಆಸೆ, ಭಯ ಅಷ್ಟೇ ಇರುತ್ತೆ ಅಂತ ಅವರು ಹೇಳಿದ್ಮೇಲೆ ಸ್ಲೈಡರ್‌ನ ಇನ್ನೂ ಕೆಳಗಿನವರೆಗೂ ಇಳಿಯೋ ಹಂಗೆ ಮಾಡಿ ಮುಂದಿನ ಅಪ್ಡೇಟಲ್ಲಿ ಬಿಟ್ಟೆ.