ಕೊರಗ ಭಾಷೆ ರೆಕಾರ್ಡಿಂಗ್: ನಾನು ಮಾಡಿದ್ದು ಹೀಗೆ

ಕೊರಗರು ಅಂದ್ರೆ ಕರಾವಳಿಯಲ್ಲಿ ಬುಟ್ಟಿ ನೇಯೋ ಬುಡಕಟ್ಟಿನವರು. ಅವರದೇ ಭಾಷೆ ರೆಕಾರ್ಡ್ ಮಾಡ್ತೇನೆ ಅಂದಾಗ "ಕೊರಗರ ಹತ್ರ ಈಗ ಬರೀ ತುಳು ಮಾರಾಯ್ರೆ, ಸುಮ್ನೆ ಪೆಟ್ರೋಲ್ ದಂಡ" ಅಂದವರೇ ಜಾಸ್ತಿ. ಈಗ ನನ್ನ ಹಾರ್ಡ್ ಡಿಸ್ಕಲ್ಲಿ ಹೆಚ್ಚುಕಮ್ಮಿ ಹತ್ತು ಗಂಟೆ ಕೊರಗ ಮಾತು ಉಂಟು, ಸ್ವಚ್ಛ ಆಡಿಯೋ.

"ಇದಕ್ಕೆ ನಿಮ್ಮಲ್ಲಿ ಏನಂತಾರೆ" ಅಂತ ಕೇಳೋ ಪದಪಟ್ಟಿ ಹಿಡ್ಕೊಂಡು ಕೂತ್ರೆ ಏನಾಗುತ್ತೆ ಅಂತ ಫೀಲ್ಡಿಗೆ ಹೋದವರಿಗೆಲ್ಲ ಗೊತ್ತು. ನಾವು ತುಳುವಲ್ಲಿ ಕೇಳ್ತೇವೆ, ಅವರು ತುಳುವಲ್ಲೇ ಉತ್ತರ ಕೊಡ್ತಾರೆ, ಕುಂದಾಪುರದ ಕಡೆ ಹೋದ್ರೆ ಅದೇ ಕಥೆ ಕನ್ನಡದಲ್ಲಿ. ಹೊರಗಿನವನು ಎದುರಿಗಿದ್ರೆ ಆ ಭಾಷೆ ಬಾಯಿಗೇ ಬರಲ್ಲ, ಅದನ್ನಾಡಿ ಬೈಸಿಕೊಂಡ ತಲೆಮಾರು ಅದು. ಹಾಗಾಗಿ ಎದುರಿಂದ ನಾನೇ ಎದ್ದು ಹೋದೆ. ಮೊದಲೇ ಒಪ್ಪಿಗೆ ತಗೊಂಡು, ಬುಟ್ಟಿ ನೇಯೋ ಇಬ್ಬರು ಅಜ್ಜಿಯಂದಿರ ನಡುವೆ ರೆಕಾರ್ಡರ್ ಇಟ್ಟು, ಕ್ಯಾಂಟೀನಿಗೆ ಹೋಗಿ ಕೂತೆ. ಬಳ್ಳಿ ಹೆರೆಯೋ ಕತ್ತಿ ಸದ್ದು ಮೈಕಲ್ಲಿ ಕರಕರ ಅಂತ ಬಂದು ಮೊದಮೊದಲ ಫೈಲೆಲ್ಲ ಹಾಳು. ಮೈಕನ್ನು ಎಲ್ಲಿ ಸಿಕ್ಕಿಸಿದ್ರೆ ಆ ಸದ್ದು ಹೋಗುತ್ತೆ ಅಂತ ಇಲ್ಲಿ ಬರೆಯಲ್ಲ, ಅದು ನನ್ನ ಗುಟ್ಟು.

ಆಮೇಲೆ ಅದೇ ಆಡಿಯೋನ ಮೂರನೇ ಅಜ್ಜಿಗೆ ಕೇಳಿಸಿ, ಒಂದೊಂದೇ ವಾಕ್ಯ ನಿಧಾನಕ್ಕೆ ಮತ್ತೆ ಹೇಳಿಸಿ, ಕೊನೆಗೆ ತುಳುವಲ್ಲಿ ಅರ್ಥ ಕೇಳೋದು. ಒಂದು ಗಂಟೆ ಆಡಿಯೋಗೆ ಮೂರು ದಿನವಾದ್ರೂ ಬೇಕು. ಆದ್ರೆ ತುಳು ಎಲ್ಲಿ ನುಸುಳಿದೆ ಅಂತ ಆ ಅಜ್ಜಿಯೇ "ಇದು ನಮ್ಮದಲ್ಲ" ಅಂತ ತಟ್ಟನೆ ಹಿಡೀತಾರೆ. ಭಾಷಾವಿಜ್ಞಾನಿ ಡಿ.ಎನ್. ಶಂಕರ ಭಟ್ರು ಕೊರಗ ಭಾಷೆ ಬಗ್ಗೆ ಬರೆದ 1971ರ ಪುಸ್ತಕದಲ್ಲೇ ಒಂಟಿ, ತಪ್ಪು, ಮುದು ಅಂತ ಅದರ ಒಳನುಡಿ (ಉಪಭಾಷೆ) ಬಿಡಿಸಿ ತೋರಿಸಿದ್ರು, ಅದಕ್ಕೆ ಮೂರೂ ಜನರನ್ನು ಒಂದೇ ಕಡೆಯವರನ್ನಾಗಿ ನೋಡ್ಕೊಳ್ಳಿ, ಇಲ್ಲಾಂದ್ರೆ ಅವರವರಲ್ಲೇ ಜಗಳ.

ದುಡ್ಡಿನ ಲೆಕ್ಕ: ಸೆಕೆಂಡ್ ಹ್ಯಾಂಡ್ ರೆಕಾರ್ಡರ್ ಎಂಟೊಂಬತ್ತು ಸಾವಿರ, ಒಬ್ಬೊಬ್ಬರಿಗೆ ದಿನಕ್ಕೆ ಐನೂರು ಆರುನೂರು. ಬುಟ್ಟಿ ಕೆಲಸ ನಿಂತ ದಿನ ಅದೇ ಅವರ ಕೂಲಿ, ಇದರಲ್ಲಿ ಚೌಕಾಸಿ ಮಾಡ್ಬೇಡಿ. ಅನುದಾನ ಕೇಳಿದ ಕಡೆ "ಲಿಪಿ ಇಲ್ಲದ ಭಾಷೆಗೆ ಯಾಕೆ" ಅಂದ್ರು, ಕೈಯಿಂದಲೇ ಹಾಕಿದ್ದು.

ಮಧ್ಯೆ ಒಂದು ಹುಚ್ಚು ಪ್ರಯೋಗ, ಕನ್ನಡದ ಸ್ಪೀಚ್ ಟು ಟೆಕ್ಸ್ಟಿಗೆ ಈ ಆಡಿಯೋ ಕೊಟ್ಟೆ. ಬಳ್ಳಿ ಬಗ್ಗೆ ಆಡಿದ ಮಾತಿಗೆ ಅದು ಬ್ಯಾಂಕ್ ಖಾತೆ ಅಂತ ಚಂದ ಕನ್ನಡದಲ್ಲಿ ಬರೆದು ಕೊಟ್ತು! ಕೈಲೇ ಟೈಪ್ ಮಾಡೋದೇ ಗತಿ.

ಮಳೆಗಾಲದಲ್ಲಿ ಶೀಟ್ ಮಾಡಿನ ಕೆಳಗೆ ಆ ಸದ್ದಿಗೆ ರೆಕಾರ್ಡಿಂಗ್ ಆಗಲ್ಲ, ಜೂನಿಂದ ಸೆಪ್ಟೆಂಬರ್ ಟೈಪಿಂಗಿಗೆ ಇಟ್ಕೊಳ್ಳಿ. ಮುಂದೆ ಘಟ್ಟದ ಬುಡದ ಕಾಡಿಗೆ ಅವರ ಜೊತೆ ಬಳ್ಳಿ ತರೋಕೆ ಹೋಗಿ ಅಲ್ಲೇ ರೆಕಾರ್ಡ್ ಮಾಡ್ಬೇಕು ಅಂತ ಉಂಟು, ಆದ್ರೆ ಬಳ್ಳಿ ಕಡಿಯೋಕೆ ಅರಣ್ಯದವರು ಬಿಡಬೇಕಲ್ಲ.